ಕೆಂಪು ದಾರದ ಅಂಕಿ

ಇಂಗ್ಲಿಷಿನ ಒಂದೇ ಒಂದು ಪದದ ಅರ್ಥವನ್ನು ಇತ್ಯರ್ಥಪಡಿಸುವ ಸಲುವಾಗಿ ಆಸ್ಪತ್ರೆಯ ಲಾಂಡ್ರಿಯ ಎರಡೂ ಯಂತ್ರಗಳನ್ನು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ನಿಲ್ಲಿಸಲಾಯಿತು. ಹಿಂದೆ ಅವು ಹೀಗೆ ಒಟ್ಟಿಗೆ ನಿಂತದ್ದು ಎರಡೇ ಸಲ: ಒಮ್ಮೆ ಕರೆಂಟು ಹೋಗಿ ಜನರೇಟರೂ ಕೈಕೊಟ್ಟಾಗ, ಇನ್ನೊಮ್ಮೆ ಯಾರೋ ಸರ್ಜನರ ಕೋಟಿನ ಜೇಬಿನಲ್ಲಿ ಉಳಿದಿದ್ದ ಕತ್ತರಿ ಡ್ರಮ್ಮಿನೊಳಗೆ ಸಿಕ್ಕಿಕೊಂಡಾಗ. ಈ ಸಲದ್ದು ಅವೆರಡಕ್ಕಿಂತ ಗಂಭೀರ ಎಂಬುದು ಲಾಂಡ್ರಿ ಮೇಸ್ತ್ರಿಗಳ ಅಭಿಪ್ರಾಯವಾಗಿತ್ತು. ಕತ್ತರಿಯನ್ನು ಇಕ್ಕಳ ಹಾಕಿ ಎಳೆಯಬಹುದು. ಪದಕ್ಕೆ ಯಾವ ಇಕ್ಕಳ ಹಾಕುವುದು?

ಪದ 'ಇವಾಲ್ವ್'. ಅದು ಮೇಲಿನ ಕಚೇರಿಯಿಂದ ಇಳಿದು ಬಂದ ಒಂದು ಫಾರಂನೊಳಗೆ ಕೂತಿತ್ತು. ಫಾರಂ ಅನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ಬೇರೆಲ್ಲ ಕಡೆ ಏದುಸಿರು ಬಿಡುತ್ತಾದರೂ ಗುಡ್ಡ ಹತ್ತಿದ್ದ. 'ಕಾರ್ಯಕ್ಷಮತಾ ಮೌಲ್ಯಮಾಪನ', 'ಸದರಿ ಉದ್ಯೋಗಿಯು', ಎಲ್ಲ ಇತ್ತು. ಈ ಒಂದು ಪದದ ಹತ್ತಿರ ಬಂದಾಗ ಮಾತ್ರ ಉಸಿರು ಕಟ್ಟಿ, ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಂಡಿದ್ದ. 'ಕಳೆದ ಮೂರು ವರ್ಷಗಳಲ್ಲಿ ಸದರಿ ಉದ್ಯೋಗಿಯು ತಮ್ಮ ಕೆಲಸದಲ್ಲಿ ಹೇಗೆ ಇವಾಲ್ವ್ ಆಗಿರುತ್ತಾರೆ? ಉದಾಹರಣೆ ಸಹಿತ, ಐವತ್ತು ಪದ ಮೀರದಂತೆ ವಿವರಿಸುವುದು.'

"ವಾಲ್ವ್ ಅಂದ್ರೆ ಗೊತ್ತು," ಎಂದ ಡ್ರಮ್ಮಣ್ಣ. ಯಂತ್ರ ನಡೆಸುವವನು ಅವನು. ಮೈಕಟ್ಟೂ ಹೆಸರಿಗೆ ತಕ್ಕ ಹಾಗೇ ಇತ್ತು. "ಸ್ಟೀಮ್ ಪೈಪಿಗೆ ನಾಲ್ಕಿದಾವೆ. ಇದು ಅದರ ಜಾತೀದೇ ಇರ್ಬೇಕು ಮೇಸ್ತ್ರಿ."

"ಅವಳು ಪೈಪೇನೋ?"

"ಮತ್ತೆ ಉದಾಹರಣೆ ಕೊಡಿ ಅಂತಾರಲ್ಲ, ನಾನು ಕೊಟ್ಟೆ."

ಇಸ್ತ್ರಿ ಅಕ್ಕ ಕಿಸಕ್ಕನೆ ನಕ್ಕಳು. ನಗದೆ ಕೂತಿದ್ದವಳು ಒಬ್ಬಳೇ, ಕಿಟಕಿಯ ಪಕ್ಕದ ಸ್ಟೂಲಿನ ಮೇಲಿದ್ದ ಸೂಜಿಯಮ್ಮ. ಅವಳು ತಲೆಯನ್ನೂ ಎತ್ತಲಿಲ್ಲ. ಫಾರಂ ಇದ್ದದ್ದು ಅವಳ ಬಗ್ಗೆ.

ಅವಳು ಲಾಂಡ್ರಿಗೆ ಬಂದು ಮೂರು ವರ್ಷ ತುಂಬುತ್ತಿತ್ತು. ಅದಕ್ಕೂ ಮೊದಲು ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆಯವಳಾಗಿದ್ದಳು. ಅಲ್ಲಿನ ಬಿಸಿ ಪ್ರೆಸ್ಸು ಬಲಗೈಯನ್ನು ಹಿಡಿದುಕೊಂಡಿತು. ಈ ಆಸ್ಪತ್ರೆಯಲ್ಲೇ ನಾಲ್ಕು ತಿಂಗಳು ಮಲಗಿದಳು. ಕೈ ಉಳಿಯಿತು, ಬೆರಳು ಮಡಚುವುದು ಉಳಿಯಲಿಲ್ಲ. ಯಾರೋ ಡಾಕ್ಟರು ಮೇಸ್ತ್ರಿಗಳಿಗೆ ಫೋನು ಮಾಡಿ, "ನಿಮ್ಮಲ್ಲಿ ಏನಾದ್ರೂ ಸಣ್ಣಪುಟ್ಟ ಕೆಲಸ ಇದ್ರೆ ನೋಡಿ," ಎಂದರು. ಮೇಸ್ತ್ರಿಗಳು ನೋಡಿದರು. ಹರಿದದ್ದನ್ನು ಹೊಲಿಯುವುದು, ಹೊಸ ಬೆಡ್‌ಶೀಟಿನ ಮೂಲೆಗೆ ಕೆಂಪು ದಾರದಲ್ಲಿ ವಾರ್ಡಿನ ಸಂಖ್ಯೆ, ಕ್ರಮಸಂಖ್ಯೆ, ವರ್ಷ ಹಾಕಿ, ಕೆಳಗೊಂದು ಗೆರೆ ಎಳೆಯುವುದು, ಇಷ್ಟು ಕೆಲಸವಿತ್ತು. ಶಾಯಿಯಲ್ಲಿ ಬರೆದರೆ ಬಿಸಿನೀರಿಗೆ ನಾಲ್ಕೇ ವಾರದಲ್ಲಿ ಮಾಯವಾಗುತ್ತದೆ. ದಾರ ಬೆಡ್‌ಶೀಟು ಇರುವಷ್ಟು ದಿನವೂ ಇರುತ್ತದೆ. ಕೈಹೊಲಿಗೆ ಬಲ್ಲವರಿಗೆ ಅದು ದೊಡ್ಡ ವಿದ್ಯೆಯಲ್ಲ. ಆದರೆ ಅವಳು ಬಲಗೈಯವಳು, ಉಳಿದದ್ದು ಎಡಗೈ.

ಇದ್ದದ್ದು ಗುತ್ತಿಗೆ ಕೆಲಸ. ಮೂರು ವರ್ಷಕ್ಕೆ ಒಂದೋ ಖಾಯಂ, ಇಲ್ಲವೋ ಮನೆಗೆ. ಖಾಯಂ ಆದವರಿಗೆ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಕೊಡುತ್ತಿದ್ದರು. ಸೂಜಿಯಮ್ಮನಿಗೆ ಏಳು ವರ್ಷದ ಮಗಳಿದ್ದಳು. ಅವಳು ಬೇರೆ ಊರಿನಲ್ಲಿ, ಸೂಜಿಯಮ್ಮನ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ಸೂಜಿಯಮ್ಮ ಇಲ್ಲಿ ಆರು ಜನ ಹೆಂಗಸರ ಜೊತೆ ಒಂದು ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸುತ್ತಿದ್ದಳು. ಹೋದ ತಿಂಗಳು ಊರಿಗೆ ಹೋಗಿ ಬಂದವಳು ಇಸ್ತ್ರಿ ಅಕ್ಕನ ಹತ್ತಿರ ಒಂದೇ ಮಾತು ಹೇಳಿದ್ದಳು: "ಅಕ್ಕನ್ನ ಅಮ್ಮ ಅಂತಾಳೆ. ನನ್ನ, ಬಂದ್ರಾ ಅಂತ ಕೇಳಿದ್ಳು." ಆ 'ಬಂದ್ರಾ' ಇಡೀ ಲಾಂಡ್ರಿಯನ್ನು ಎರಡು ದಿನ ಸುಮ್ಮನಾಗಿಸಿತ್ತು.

ಹಾಗಾಗಿ ಮೇಸ್ತ್ರಿಗಳು ಫಾರಂ ಅನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ದರು. ಮನೆಯಲ್ಲಿ ಹೆಂಡತಿ ಇದ್ದರು, ನಿವೃತ್ತ ಶಾಲಾ ಶಿಕ್ಷಕಿ. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ರಟ್ಟು ಹಾಕಿದ ನಿಘಂಟನ್ನು ಕಪಾಟಿನಿಂದ ಇಳಿಸಿ, ಕನ್ನಡಕ ಏರಿಸಿ, ಅವರು ಪುಟ ತಿರುವಿದರು.

"ವಿಕಾಸ ಹೊಂದು. ಕ್ರಮೇಣ ಬೆಳೆ. ಸುರುಳಿ ಬಿಚ್ಚಿಕೊಳ್ಳು."

"ಕೋತಿ ಮನುಷ್ಯ ಆಯ್ತಲ್ಲ, ಅದಾ?"

"ಅದೇ."

"ಆಗ ಅವಳು ಕೋತಿ ಅಂತ ನಾನು ಬರೆದುಕೊಡ್ಬೇಕಾ?"

"ರೀ, ಪೂರ್ತಿ ಕೇಳಿ. ಜನರೇಟರ್ ಕೆಟ್ಟಿತ್ತು, ರಿಪೇರಿ ಮಾಡಿದ್ರಿ, ಅದಕ್ಕೆ ಈ ಮಾತು ಹೇಳಲ್ಲ. ಒಂದೇ ಏಟಿಗೆ ಆದದ್ದಕ್ಕೆ ಹೇಳೋದಲ್ಲ ಇದು. ಮದುವೆ ಆದಾಗ ನಿಮಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳೀತಿರ್ಲಿಲ್ಲ. ಈಗ ನನಗಿಂತ ಚೆನ್ನಾಗಿ ಟೀ ಮಾಡ್ತೀರ. ಅದಕ್ಕೆ ಹೇಳಬಹುದು."

"ಯಾವತ್ತಿಂದ ಚೆನ್ನಾಗಿ ಮಾಡ್ತಿದೀನಿ?"

"ಅದನ್ನ ಹೇಳೋಕಾಗಲ್ಲ. ಇಂಥ ದಿನದಿಂದ ಅಂತ ಬೆರಳಿಟ್ಟು ತೋರಿಸೋ ಹಾಗಿದ್ರೆ ಅದು ಇದಲ್ಲ."

"ಬೆರಳಿಟ್ಟು ತೋರಿಸೋಕಾಗದೆ ಇರೋದನ್ನ ಉದಾಹರಣೆ ಸಹಿತ ಬರೀಬೇಕಂತೆ ಕಣೇ. ಅದೂ ಐವತ್ತು ಪದದಲ್ಲಿ."

"ಮೊದಲು ಹೇಗಿತ್ತು ಅನ್ನೋದರಿಂದ ಶುರು ಮಾಡಿ. ಎಲ್ಲಿಂದ ಹೊರಟದ್ದು ಅಂತ ಹೇಳದಿದ್ರೆ ಈ ಮಾತಿಗೆ ತೂಕ ಇಲ್ಲ," ಎಂದು ಟೀಚರಮ್ಮ ನಿಘಂಟು ಮುಚ್ಚಿದರು. ಹೆಂಡತಿಯ ಸಲಹೆಯನ್ನು ಅರ್ಧ ಕೇಳಿ ಕೆಟ್ಟ ಗಂಡಂದಿರನ್ನು ಲೋಕ ಬೇಕಾದಷ್ಟು ಕಂಡಿದೆ. ಮೇಸ್ತ್ರಿಗಳು ಅದನ್ನು ಪೂರ್ತಿ ಕೇಳಿ ಕೆಟ್ಟರು.

ಅಂದು ಸಂಜೆ ಊಟದ ಮೇಜಿನ ಮೇಲೆ ಫಾರಂ ಹರಡಿ, ಬೆರಳಲ್ಲಿ ಪದ ಎಣಿಸುತ್ತ, ಮೂರು ಸಲ ಕರಡು ಮಾಡಿ ಅವರು ಬರೆದದ್ದು ಇಷ್ಟು:

'ಸದರಿಯವರು ಬಂದಾಗ ಎಡಗೈಯಲ್ಲಿ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಗುರುತಿನ ಅಂಕಿಗಳನ್ನು ಓದಲು ಆಗುತ್ತಿರಲಿಲ್ಲ. ನಾಲ್ಕು ಎಂಬುದು ಮುರಿದ ಕುರ್ಚಿಯ ಹಾಗೆ, ಎಂಟು ಎಂಬುದು ಸತ್ತ ಸೊಳ್ಳೆಯ ಹಾಗೆ ಕಾಣುತ್ತಿತ್ತು. ಮಕ್ಕಳ ವಾರ್ಡಿನ ಬೆಡ್‌ಶೀಟು ಗಂಡಸರ ವಾರ್ಡಿಗೆ ಹೋಗಿ ದೂರು ಬಂದದ್ದುಂಟು. ದಿನಕ್ಕೆ ಮೂರು ಸೂಜಿ ಮುರಿಯುತ್ತಿದ್ದರು. ಬೆರಳಿಗೆ ಚುಚ್ಚಿಕೊಂಡು ಒಗೆದ ಬಟ್ಟೆಗೆ ರಕ್ತ ಹತ್ತಿಸುತ್ತಿದ್ದರು. ಅದನ್ನು ಮತ್ತೆ ಒಗೆಯಬೇಕಾಗುತ್ತಿತ್ತು. ಊಟಕ್ಕೂ ಏಳದೆ ಕೂರುತ್ತಿದ್ದರು. ಯಾರೊಡನೆಯೂ ಮಾತಿಲ್ಲ. ಅನಂತರ ಇವಾಲ್ವ್ ಆಗಿರುತ್ತಾರೆ.'

ಎಣಿಸಿದರೆ ಸರಿಯಾಗಿ ಐವತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೂವತ್ತು ವರ್ಷ ಬೆಡ್‌ಶೀಟು ಎಣಿಸಿದ ಮನುಷ್ಯನಿಗೆ ಲೆಕ್ಕ ಸರಿಹೋದರೆ ಅದೊಂದು ತೃಪ್ತಿ. ನಡುವೆ ಏನಾಯಿತು ಎಂಬುದನ್ನು ಬರೆಯಲು ಜಾಗ ಉಳಿದಿರಲಿಲ್ಲ, ನಿಜ. ಆದರೆ ಅದು ಆಸ್ಪತ್ರೆಯ ಪ್ರತಿ ಮಂಚದ ಮೇಲೂ ಹಾಸಿ ಬಿದ್ದಿದೆಯಲ್ಲ, ಕಣ್ಣಿದ್ದವರು ನೋಡಿಕೊಳ್ಳಲಿ ಎಂದು ಅವರು ರುಜು ಹಾಕಿದರು.

ಆರು ದಿನಕ್ಕೆ ಉತ್ತರ ಬಂತು. ಬಂದದ್ದು ಸೂಜಿಯಮ್ಮನ ಕೈಗೆ. ಅವಳು ಅದನ್ನು ಮಧ್ಯಾಹ್ನದವರೆಗೆ ಹೊಲಿಗೆ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದು, ಎಲ್ಲರೂ ಊಟಕ್ಕೆ ಹೋದ ಮೇಲೆ ಮೇಸ್ತ್ರಿಗಳ ಮುಂದೆ ತಂದಿಟ್ಟಳು. 'ಮೇಲ್ವಿಚಾರಕರ ವರದಿಯ ಮೇರೆಗೆ ಕೆಲಸ ತೃಪ್ತಿಕರವಾಗಿಲ್ಲದ ಕಾರಣ' ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸಲಾಗುವುದಿಲ್ಲ ಎಂದಿತ್ತು.

ಮೇಸ್ತ್ರಿಗಳು ಎರಡು ಸಲ ಓದಿದರು.

"ನಾನು ಹೀಗೆ ಬರೀಲಿಲ್ಲಮ್ಮಾ."

"ಆಫೀಸಿನವರು ನೀವು ಬರೆದದ್ದನ್ನ ಓದಿ ಹೇಳಿದ್ರು," ಎಂದಳು ಅವಳು. "ಸುಳ್ಳೇನೂ ಇರಲಿಲ್ಲ ಬಿಡಿ. ಸತ್ತ ಸೊಳ್ಳೆ ಥರಾನೇ ಇತ್ತು," ಎಂದಳು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಹೋಗಿ ತನ್ನ ಸ್ಟೂಲಿನ ಮೇಲೆ ಕೂತು, ಹೆರಿಗೆ ವಾರ್ಡಿನ ಹೊಸ ಬೆಡ್‌ಶೀಟೊಂದನ್ನು ತೊಡೆಯ ಮೇಲೆಳೆದುಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು. ತಿಂಗಳ ಕೊನೆಗೆ ಹನ್ನೊಂದು ದಿನವಿತ್ತು, ಅಷ್ಟು ದಿನದ ಕೆಲಸ ಬಾಕಿಯಿತ್ತು.

ಮೇಸ್ತ್ರಿಗಳು ಊಟ ಮಾಡದೆ ಮೂರನೆಯ ಮಹಡಿ ಹತ್ತಿದರು. ಫಾರಂ ಮೇಡಂ ಎಂದು ಲಾಂಡ್ರಿಯವರು ಕರೆಯುತ್ತಿದ್ದ ಆಡಳಿತಾಧಿಕಾರಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಮೇಜಿನ ಮೇಲೆ ನಾಲ್ಕು ಗೋಪುರ ಫಾರಂಗಳು, ಅವುಗಳ ನಡುವೆ ತಣ್ಣಗಾದ ಟೀ. ರಾಕ್ಷಸಿ ಇರಬಹುದು ಎಂದುಕೊಂಡು ಹೋದ ಮೇಸ್ತ್ರಿಗಳಿಗೆ ಕಂಡದ್ದು ನಿದ್ದೆ ಸಾಲದ ಹೆಣ್ಣುಮಗಳು.

"ನೀವೇ ಬರೆದಿದೀರಲ್ಲ ಇದು?" ಎಂದು ಆಕೆ ಹಾಳೆಯನ್ನು ಅವರ ಕಡೆ ತಿರುಗಿಸಿದರು. "ನಲವತ್ತೇಳು ಪದ ಬರೀ ದೂರು. ಕೊನೆಗೆ ಒಂದು ಸಾಲು, ಇವಾಲ್ವ್ ಆದ್ರು ಅಂತ. ಹೇಗೆ ಆದ್ರು?"

"ಜಾಗ ಮುಗೀತು ಮೇಡಂ."

"ಅಂದ್ರೆ?"

"ಐವತ್ತು ಮೀರಬಾರದು ಅಂತಿತ್ತಲ್ಲ."

ಆಕೆ ಅವರ ಮುಖ ನೋಡಿದರು. ತಮಾಷೆ ಮಾಡುತ್ತಿದ್ದಾರೋ ಎಂದು ಹುಡುಕಿದ ಹಾಗಿತ್ತು. ಸಿಗಲಿಲ್ಲ. "ಒಂದೆರಡು ಪದ ಹೆಚ್ಚಾದ್ರೆ ಯಾರು ಎಣಿಸ್ತಾರೆ?"

"ನಾನು ಎಣಿಸಿದೆನಲ್ಲ ಮೇಡಂ."

ಫಾರಂ ಮೇಡಂ ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡರು. ಆಮೇಲೆ ಹೇಳಿದರು: ಪತ್ರ ಹೋಗಿಯಾಗಿದೆ, ಬರೆದದ್ದನ್ನು ತಿದ್ದಲು ಬರುವುದಿಲ್ಲ. ಆದರೆ ಗುರುವಾರ ಸಮಿತಿ ಕೂರುತ್ತದೆ, ಮರುಪರಿಶೀಲನೆಗೆ ಅವಕಾಶವಿದೆ. "ಕೆಲಸ ಸುಧಾರಿಸಿದೆ ಅಂತ ಕಣ್ಣಿಗೆ ಕಾಣೋ ದಾಖಲೆ ಏನಾದ್ರೂ ಇದ್ರೆ ಬುಧವಾರ ನಾಲ್ಕಕ್ಕೆ ನಾನೇ ಕೆಳಗೆ ಬರ್ತೀನಿ. ಬಾಯಿಮಾತು ಬೇಡ."

"ಇದೆ ಮೇಡಂ," ಎಂದರು ಮೇಸ್ತ್ರಿಗಳು. "ಸದ್ಯಕ್ಕೆ ಅದರ ಮೇಲೆ ರೋಗಿಗಳು ಮಲಗಿದಾರೆ."

ಆವತ್ತು ಸೋಮವಾರ. ಆ ಎರಡು ದಿನ ಲಾಂಡ್ರಿಯಲ್ಲಿ ನಡೆದ ಕೆಲಸವನ್ನು ಹೊರಗಿನವರು ಕಂಡಿದ್ದರೆ ಹುಚ್ಚು ಎನ್ನುತ್ತಿದ್ದರು. ವಾರ್ಡುಗಳಿಂದ ಕೊಳೆ ಬಟ್ಟೆಯ ತಳ್ಳುಗಾಡಿ ಬಂದ ಕೂಡಲೇ ಡ್ರಮ್ಮಣ್ಣ ಅದರ ಮೇಲೆ ಬೀಳುತ್ತಿದ್ದ. ಒಂದೊಂದೇ ಬೆಡ್‌ಶೀಟಿನ ಮೂಲೆ ಹುಡುಕಿ ವರ್ಷ ಕೂಗುತ್ತಿದ್ದ. ಬೇಕಾದದ್ದನ್ನು ಬೇರೆ ಹಾಕಿ, ಒಗೆದು, ಒಣಗಿಸಿ, ಇಸ್ತ್ರಿ ಅಕ್ಕ ಮೂಲೆ ಮೇಲೆ ಬರುವಂತೆ ಮಡಚಿ ಕೊಡುತ್ತಿದ್ದಳು. ಈ ವರ್ಷದವು ರಾಶಿ ಸಿಕ್ಕವು, ಹೋದ ವರ್ಷದವು ಸಾಕಷ್ಟು. ಮೊದಲ ವರ್ಷದವು ಮಾತ್ರ ಕಾಣಲಿಲ್ಲ. ಬೆಡ್‌ಶೀಟಿನ ಆಯುಸ್ಸೇ ಎರಡು ವರ್ಷ, ಆಮೇಲೆ ನೆಲ ಒರೆಸುವ ಬಟ್ಟೆ.

"ಮೊದಲನೇದು ಬೇಕೇ ಬೇಕಾ?" ಎಂದು ಡ್ರಮ್ಮಣ್ಣ ಬೆವರು ಒರೆಸಿಕೊಂಡ. "ಚೆನ್ನಾಗಿರೋದು ಇಷ್ಟಿದೆಯಲ್ಲ. ಕೆಟ್ಟದ್ದನ್ನ ಹುಡುಕಿ ತೋರಿಸೋ ತೀಟೆ ಯಾಕೆ ನಿಮಗೆ?"

"ಎಲ್ಲಿಂದ ಹೊರಟ್ಲು ಅಂತ ಕಾಣದಿದ್ರೆ ಎಷ್ಟು ದೂರ ಬಂದ್ಲು ಅಂತ ಹೇಗೋ ಕಾಣುತ್ತೆ?"

"ನಿಮ್ಮನ್ನ ಟೀಚರಮ್ಮನೇ ಕೆಡಿಸಿದ್ದು," ಎಂದ ಡ್ರಮ್ಮಣ್ಣ. ಆದರೂ ಹುಡುಕಿದ.

ಬುಧವಾರ ಮೂರೂ ಮುಕ್ಕಾಲಿಗೆ, ತುರ್ತಿಗೆಂದು ತೆಗೆದಿಟ್ಟ ಬಟ್ಟೆಯ ಉಗ್ರಾಣದಿಂದ, ಯಾರೂ ಎರಡು ವರ್ಷ ಮುಟ್ಟದ ಒಂದು ಗಂಟು ಅವನ ಹೆಗಲೇರಿ ಬಂತು. ಒಳಗೆ ಹತ್ತು ಬೆಡ್‌ಶೀಟು, ಎಲ್ಲ ಆ ಮೊದಲ ವರ್ಷದವು, ಮೊದಲ ಎರಡು ತಿಂಗಳಿನವು. ಡ್ರಮ್ಮಣ್ಣ ಅವನ್ನು ಉದ್ದನೆಯ ಮೇಜಿನ ಎಡತುದಿಗೆ ಕ್ರಮವಾಗಿ ಜೋಡಿಸಿದ. ಅಲ್ಲಿಂದ ಬಲತುದಿಯವರೆಗೆ ಒಟ್ಟು ಅರವತ್ತಮೂರು ಮೂಲೆಗಳು, ಅರವತ್ತಮೂರು ಕೆಂಪು ಗುರುತುಗಳು. ಸೂಜಿಯಮ್ಮ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ತನ್ನ ಜಾತಕವನ್ನು ಹೀಗೆ ಮೇಜಿನ ಮೇಲೆ ಹರಡಿದ್ದು ಅವಳಿಗೆ ಇಷ್ಟವಿದ್ದಂತೆ ಕಾಣಲಿಲ್ಲ.

ಮೇಸ್ತ್ರಿಗಳು ಮೇಜಿನ ಎಡತುದಿಗೆ ಬಂದು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

ಮೊದಲ ಒಂಬತ್ತೂ ಮುತ್ತು ಪೋಣಿಸಿದ ಹಾಗಿದ್ದವು. ನಾಲ್ಕು ನಾಲ್ಕಾಗಿತ್ತು, ಎಂಟು ಎಂಟಾಗಿತ್ತು. ಹತ್ತನೆಯದರಲ್ಲಿ ಅಂಕಿಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿದ್ದವು. ಅಲ್ಲಿಂದ ಮುಂದೆ ಅವು ಎದ್ದು, ತೂರಾಡಿ, ಮೆಲ್ಲಮೆಲ್ಲನೆ ನೇರವಾಗಿ, ಬಲತುದಿಗೆ ಬರುವಷ್ಟರಲ್ಲಿ ಯಂತ್ರದ ಹೊಲಿಗೆಯನ್ನು ನಾಚಿಸುವಂತಾಗಿದ್ದವು.

ಮೇಸ್ತ್ರಿಗಳಿಗೆ ಆಗ ನೆನಪಾಯಿತು. ಒಳ್ಳೆಯದು ಮಾಡಿ ಮರೆತುಬಿಡುವ ಸ್ವಭಾವ ಅವರದು. ಕೆಟ್ಟದ್ದನ್ನೂ ಹಾಗೇ ಮರೆಯುತ್ತಿದ್ದರು, ಆದ್ದರಿಂದ ಅದನ್ನು ದೊಡ್ಡ ಗುಣವೆಂದು ಹೊಗಳುವಂತಿಲ್ಲ. ಮಕ್ಕಳ ವಾರ್ಡಿನಿಂದ ಆ ದೂರು ಬಂದ ದಿನ, ಸಂಜೆ ಐದಕ್ಕೆ ಅವಳು ಹೊರಟ ಮೇಲೆ, ಅವರು ಅವಳ ಸ್ಟೂಲಿನ ಮೇಲೆ ಕೂತು ಅವಳ ಹೊಲಿಗೆ ಬಿಚ್ಚಿ, ಅದೇ ಕೆಂಪು ದಾರದಲ್ಲಿ, ಅದೇ ಸಂಖ್ಯೆ ಮತ್ತೆ ಹಾಕಿದ್ದರು. ಮರುದಿನವೂ. ಅದರ ಮರುದಿನವೂ. ಇನ್ನೊಂದು ದೂರು ಬಂದರೆ ಅವಳು ಉಳಿಯುತ್ತಿರಲಿಲ್ಲ. ಎರಡು ತಿಂಗಳು ಮನೆಗೆ ತಡವಾಗಿ ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡದ್ದೂ ಈಗ ನೆನಪಿಗೆ ಬಂತು.

ಅಷ್ಟರಲ್ಲಿ ಫಾರಂ ಮೇಡಂ ಬಾಗಿಲಲ್ಲಿದ್ದರು.

ಆಕೆ ಮೇಜಿನುದ್ದಕ್ಕೂ ಒಮ್ಮೆ ನಡೆದರು. ಮತ್ತೆ ಎಡತುದಿಗೆ ವಾಪಸು ಬಂದರು. "ಇವು ಮೊದಲಿನವಾ?"

"ಹೌದು ಮೇಡಂ," ಎಂದ ಡ್ರಮ್ಮಣ್ಣ, ಬಹುಮಾನ ಸಿಗುವ ನಿರೀಕ್ಷೆಯಲ್ಲಿ.

"ಮೊದಲಿನವು ಚೆನ್ನಾಗಿವೆಯಲ್ಲ." ಆಕೆ ಕೈಯಲ್ಲಿದ್ದ ಹಾಳೆ ನೋಡಿದರು. "ಓದೋಕಾಗ್ತಿರಲಿಲ್ಲ ಅಂತ ಬರೆದಿದೀರಿ. ಇದರಲ್ಲಿ ನೋಡಿದ್ರೆ, ಬಂದಾಗ ಚೆನ್ನಾಗಿ ಹೊಲೀತಿದ್ರು, ಎರಡು ತಿಂಗಳಿಗೆ ಹಾಳಾಯ್ತು, ಆಮೇಲೆ ಹೇಗೋ ಸರಿಹೋಯ್ತು. ನಾನು ಯಾವುದನ್ನ ನಂಬಲಿ? ನೀವು ಬರೆದದ್ದನ್ನೋ, ಇದನ್ನೋ?"

ಮೇಸ್ತ್ರಿಗಳು ಬಾಯಿ ತೆರೆದರು. ನಿಜ ಹೇಳಿದರೆ ಎರಡು ತಿಂಗಳು ಅವಳ ಕೆಲಸವನ್ನು ತಾವು ಮಾಡಿದ್ದೆಂದು ಒಪ್ಪಿಕೊಂಡ ಹಾಗೆ. ಹಾಗೆ ಒಪ್ಪಿದರೆ ಅವಳ ಲೆಕ್ಕಕ್ಕೆ ಇನ್ನೊಂದು ತಪ್ಪು. ಅದಕ್ಕಿಂತ ಹೆಚ್ಚಾಗಿ, ಆ ಮಾತು ಅವಳ ಕಿವಿಗೆ ಬೀಳುವುದು ಅವರಿಗೆ ಬೇಡವಾಗಿತ್ತು. ಬಾಯಿ ಮುಚ್ಚಿದರು.

"ಆ ಒಂಬತ್ತು ನನ್ನವಲ್ಲ," ಎಂದಳು ಸೂಜಿಯಮ್ಮ.

ಅವಳು ಕಿಟಕಿಯಿಂದ ಬಂದು, ಮೊದಲ ಬೆಡ್‌ಶೀಟಿನ ಮೂಲೆಯನ್ನು ಎಡಗೈಯಲ್ಲಿ ಎತ್ತಿ, ಅಂಕಿಯ ಕೆಳಗಿನ ಗೆರೆ ತೋರಿಸಿದಳು. "ನೋಡಿ ಮೇಡಂ, ಗೆರೆ ಶುರುವಾಗೋ ಗಂಟು. ಬಲಗೈಯವರು ಈ ತುದಿಯಿಂದ ಶುರು ಮಾಡ್ತಾರೆ. ನಾನು ಆ ತುದಿಯಿಂದ. ಈ ಒಂಬತ್ತರಲ್ಲೂ ಗಂಟು ಈ ಕಡೆ ಇದೆ. ಉಳಿದ ಎಲ್ಲದರಲ್ಲೂ ಆ ಕಡೆ." ಅವಳು ಮೇಸ್ತ್ರಿಗಳ ಕಡೆ ನೋಡಲಿಲ್ಲ. "ಇವು ಇವರವು."

ಇಸ್ತ್ರಿ ಅಕ್ಕ "ಅಯ್ಯೋ" ಎಂದಳು.

"ನಿನಗೆ ಗೊತ್ತಿತ್ತಾ?" ಎಂದರು ಮೇಸ್ತ್ರಿಗಳು.

"ಸಂಜೆ ಸತ್ತ ಸೊಳ್ಳೆ ಇಟ್ಟು ಹೋದ್ರೆ ಬೆಳಗ್ಗೆ ಅದು ಎಂಟಾಗಿ ಕೂತಿರ್ತಿತ್ತು. ಗೊತ್ತಾಗದೆ ಇರುತ್ತಾ ಮೇಸ್ತ್ರಿ?" ಅವಳ ದನಿಯಲ್ಲಿ ನಗುವಿತ್ತೋ ಇನ್ನೇನಿತ್ತೋ. "ನಾನು ಸ್ವಲ್ಪ ಬೇಗ ಬರ್ತಿದ್ದೆ. ನೀವು ಹಾಕಿದ್ದರ ಪಕ್ಕ ಕನ್ನಡಿ ಹಿಡಿದ್ರೆ ಅದು ಎಡಗೈ ಹೊಲಿಗೆ ಥರ ಕಾಣ್ತಿತ್ತು. ಅದನ್ನ ನೋಡ್ಕೊಂಡು ಹಳೇ ಬಟ್ಟೆ ಮೇಲೆ ಹಾಕೋದು, ಬಿಚ್ಚೋದು, ಮತ್ತೆ ಹಾಕೋದು. ನನಗೆ ಕಲಿಸಿದ್ದು ಅದೇ."

ಫಾರಂ ಮೇಡಂ ಹತ್ತನೆಯ ಬೆಡ್‌ಶೀಟಿನ ಮೇಲೆ ಬಗ್ಗಿದ್ದರು. ಕುಡುಕ ಅಂಕಿಗಳ ಕೆಳಗಿನ ಸೊಟ್ಟ ಗೆರೆಯನ್ನು ಬೆರಳಿನಿಂದ ತಡವಿ, ಗಂಟು ಯಾವ ಕಡೆ ಇದೆ ಎಂದು ನೋಡಿದರು.

"ಹಾಗಿದ್ರೆ ಇದು ನಿಮ್ಮ ಮೊದಲನೇದು."

"ಹೌದು ಮೇಡಂ. ಇದನ್ನ ಇವರು ಬಿಚ್ಚಲಿಲ್ಲ. ಆವತ್ತು ಬೆಳಗ್ಗೆ ಬಂದು ನೋಡಿದೆ, ನಾನು ಹಾಕಿದ ಹಾಗೇ ಇತ್ತು." ಅವಳು ಈಗ ಮೇಸ್ತ್ರಿಗಳ ಕಡೆ ತಿರುಗಿದಳು. "ಅದನ್ನ ಮಾತ್ರ ಕೇಳ್ಬೇಕು ಅಂತ ಮೂರು ವರ್ಷದಿಂದ ಇತ್ತು. ಇಷ್ಟು ಕೆಟ್ಟದಾಗಿದ್ಯಲ್ಲ, ಆವತ್ತು ಯಾಕೆ ಬಿಟ್ರಿ?"

ಮೇಸ್ತ್ರಿಗಳು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಆವತ್ತು ಓದೋಕೆ ಬಂತಮ್ಮಾ."

ಫಾರಂ ಮೇಡಂ ಮೇಜಿನಿಂದ ಮೂರು ಬೆಡ್‌ಶೀಟು ಆರಿಸಿಕೊಂಡರು, ಒಂದು ಎಡತುದಿಯಿಂದ, ಒಂದು ಆ ಹತ್ತನೆಯದು, ಒಂದು ಬಲತುದಿಯಿಂದ. ಡ್ರಮ್ಮಣ್ಣ ಹೊತ್ತು ತರುತ್ತೇನೆಂದರೂ ಕೇಳದೆ ಅವನ್ನು ತಾವೇ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದರು.

ಗುರುವಾರದ ಸಮಿತಿ ತೀರ್ಮಾನಕ್ಕೆ ಬರಲಿಲ್ಲ, ಮುಂದಿನ ಗುರುವಾರಕ್ಕೆ ಹಾಕಿತು. ಮುಂದಿನ ಗುರುವಾರ ಮೊದಲಿನ ಪತ್ರವನ್ನು ರದ್ದು ಮಾಡಿತು. ಎರಡು ತಿಂಗಳು ಬೇರೆಯವರ ಕೆಲಸ ಮಾಡಿ ದಾಖಲೆಯನ್ನು ಅಸ್ಪಷ್ಟಗೊಳಿಸಿದ್ದಕ್ಕಾಗಿ ಮೇಸ್ತ್ರಿಗಳಿಗೆ ಲಿಖಿತ ಎಚ್ಚರಿಕೆ ಬಂತು. ಸೂಜಿಯಮ್ಮನನ್ನು ಒಂದನೇ ತಾರೀಖಿನಿಂದ ಖಾಯಂ ಮಾಡಿದರು. ಮಗಳು ಶಾಲೆ ಶುರುವಾಗುವುದಕ್ಕೆ ನಾಲ್ಕು ದಿನ ಮೊದಲು ಬಂದಳು.